ಯಾವ ಕಂಪನಿಯ ಕಾರು ಬಾಳಿಕೆ, ಯಾವುದು ಗಟ್ಟಿ: ಬುಕಿಂಗ್‌ಗೆ ಮುಂಚೆ ಹೋಲಿಸುವ ಕ್ರಮ

"ಯಾವ ಕಂಪನಿ ಗಾಡಿ ಚಲೋ ಐತ್ರಿ?" ಎಂದು ಕೇಳುವವರಲ್ಲಿ ಅನೇಕರು ಹುಬ್ಬಳ್ಳಿಯ ಗೋಕುಲ ರೋಡಿನ ಒಂದಲ್ಲ ಒಂದು ಶೋರೂಮಿನಲ್ಲಿ ಆಗಲೇ ಬುಕಿಂಗ್ ಹಣ ಕಟ್ಟಿ ಬಂದಿರುತ್ತಾರೆ. ಆಮೇಲೆ ಯಾರು ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಉಳಿದವರು ನಾಲ್ಕು ಕಡೆ ಕೇಳಿ, ನಾಲ್ಕು ಬೇರೆ ಬೇರೆ ಉತ್ತರ ಪಡೆದು, ತಲೆ ಕೆಡಿಸಿಕೊಂಡು, ಕೊನೆಗೆ ಬಾಗಿಲು ಧಪ್ಪೆಂದು ಮುಚ್ಚಿಕೊಂಡ ಗಾಡಿಯನ್ನೇ ಆರಿಸುತ್ತಾರೆ.

ನಮ್ಮ ಕಡೆಯವರು ಎಡವುವುದು ಬಹುತೇಕ ಕೆಲಸದ ಕ್ರಮದಲ್ಲಿ. ಶೋರೂಮಿಗೆ ಮೊದಲು ಹೋಗುತ್ತಾರೆ, ಗ್ಯಾರೇಜಿಗೆ ಗಾಡಿ ಕೆಟ್ಟ ಮೇಲೆ ಹೋಗುತ್ತಾರೆ. ಇಲ್ಲಿ ಅದನ್ನು ತಿರುವಿ ಹಾಕಿದೆ. ಶೋರೂಮಿನ ಸರದಿ ಬರುವುದು ಏಳನೇ ಹಂತದಲ್ಲಿ. ಒಟ್ಟು ಕೆಲಸಕ್ಕೆ ಎರಡು ಮೂರು ವಾರಾಂತ್ಯ ಬೇಕಾಗುತ್ತದೆ.

## ಶುರು ಮಾಡುವ ಮುನ್ನ

ಬಾಳಿಕೆ ಬೇರೆ, ಗಟ್ಟಿತನ ಬೇರೆ. ಒಂದು ಲಕ್ಷ ಕಿಲೋಮೀಟರ್ ಓಡಿದರೂ ದಾರಿಯಲ್ಲಿ ಕೈಕೊಡದಿರುವುದು ಬಾಳಿಕೆ. ಡಿಕ್ಕಿಯಾದಾಗ ಒಳಗಿನವರನ್ನು ಕಾಪಾಡುವುದು, ಕೆಟ್ಟ ರಸ್ತೆಯಲ್ಲಿ ಐದು ವರ್ಷ ಓಡಿದರೂ ಬಾಡಿ ಕಟಕಟ ಅನ್ನದಿರುವುದು ಗಟ್ಟಿತನ. ಒಂದಿದ್ದ ಗಾಡಿಯಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ಬಾಡಿ ಬಲವಾಗಿದ್ದು ಎಲೆಕ್ಟ್ರಿಕಲ್ ತೊಂದರೆ ಬಿಡದ ಗಾಡಿಗಳುಂಟು, ತಗಡು ತೆಳುವಾಗಿದ್ದರೂ ಇಂಜಿನ್ ಎರಡು ಲಕ್ಷ ದಾಟಿದವೂ ಉಂಟು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಬೇರೆ ಬೇರೆ ಪುಟ ಇಡಿ. ಎರಡನ್ನೂ ಒಂದೇ ಅಂಕದಲ್ಲಿ ಕೂಡಿಸಿದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್, ಸಣ್ಣ ಬ್ಯಾಟರಿ (ಟಾರ್ಚ್), ಐದು ರೂಪಾಯಿ ನಾಣ್ಯ, ಕ್ಯಾಮೆರಾ ಇರುವ ಮೊಬೈಲ್, ನೆಲಕ್ಕೆ ಹಾಸಲು ಒಂದು ಹಳೆಯ ಪತ್ರಿಕೆ. ಹಿಂದಿನ ಸೀಟಿನಲ್ಲಿ ಕೂತು ಸದ್ದು ಕೇಳಿಸಿಕೊಳ್ಳಲು ಮನೆಯವರೊಬ್ಬರು. ಮೂರಕ್ಕಿಂತ ಹೆಚ್ಚು ಗಾಡಿಗಳನ್ನು ಪಟ್ಟಿಗೆ ಹಾಕಬೇಡಿ.

## ಹಂತ 1: ನಿಮ್ಮ ಓಡಾಟ ಬರೆಯಿರಿ

ವಾರದಲ್ಲಿ ಎಷ್ಟು ಕಿಲೋಮೀಟರ್, ಎಂಥ ರಸ್ತೆ, ಒಂದು ಸಲಕ್ಕೆ ಎಷ್ಟು ದೂರ ಎಂಬುದನ್ನು ನಿಜವಾಗಿ ಬರೆಯಿರಿ. "ಮುಂದೆ ಊರೂರು ತಿರುಗಬೇಕೂಂತ ಐತ್ರಿ" ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದು ಬಾಳಿಕೆಗೆ ಹೇಗೆ ಸಂಬಂಧ ಎನ್ನಬಹುದು. ಡೀಸೆಲ್ ಗಾಡಿಯನ್ನೇ ತಗೊಳ್ಳಿ. ಬಿಎಸ್6 (ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮ) ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಸೈಲೆನ್ಸರ್ ಪೈಪು ಚೆನ್ನಾಗಿ ಕಾದಿರಬೇಕು, ಅಂದರೆ ಹದಿನೈದಿಪ್ಪತ್ತು ನಿಮಿಷ ಹೈವೇ ವೇಗದಲ್ಲಿ ಓಡಬೇಕು. ಸಪ್ತಾಪುರದಿಂದ ಸುಭಾಸ್ ರೋಡಿಗೆ, ಅಲ್ಲಿಂದ ಮನೆಗೆ, ಇಷ್ಟೇ ಓಡುವ ಡೀಸೆಲ್ ಗಾಡಿಯಲ್ಲಿ ಮಸಿ ತುಂಬಿ ದೀಪ ಹತ್ತುತ್ತದೆ. ಸುಡಲು ಚಿಮ್ಮಿಸಿದ ಡೀಸೆಲ್ ಇಂಜಿನ್ ಆಯಿಲಿಗೆ ಸೇರಿ, ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ. ಮಾಲೀಕರು ಕಂಪನಿಯನ್ನು ಬೈಯುತ್ತಾರೆ. ಅದೇ ಇಂಜಿನ್ ದಿನಾ ಹಾವೇರಿ-ಹುಬ್ಬಳ್ಳಿ ಓಡಾಡುವವರ ಹತ್ತಿರ ಸದ್ದಿಲ್ಲದೆ ದುಡಿಯುತ್ತಿರುತ್ತದೆ.

ಆಟೊಮ್ಯಾಟಿಕ್‌ಗೂ ಇದೇ ಮಾತು. ಎರಡು ಕ್ಲಚ್ಚಿನ ಡಿಸಿಟಿ ಗೇರ್‌ಬಾಕ್ಸು, ಅದೂ ಆಯಿಲಿನಲ್ಲಿ ಮುಳುಗಿರದ ಡ್ರೈ ಕ್ಲಚ್ ಇರುವುದು, ಹೈವೇಯಲ್ಲಿ ಸೊಗಸು. ಚೆನ್ನಮ್ಮ ಸರ್ಕಲ್ಲಿನ ಸಂಜೆಯ ನೂಕುನುಗ್ಗಲಲ್ಲಿ ಇಂಚಿಂಚು ಜರುಗುವಾಗ ಅದು ಬಿಸಿಯೇರುತ್ತದೆ. ದಿನಾ ಅಂಥ ದಾರಿಯಿದ್ದರೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲಿನ ಮೂಲಕ ಬಲ ದಾಟಿಸುವುದು) ಅಥವಾ ಸಿವಿಟಿ (ಗೇರ್ ಹಲ್ಲುಗಳ ಬದಲು ಬೆಲ್ಟ್ ಇರುವುದು) ನೋಡಿ. ಎಎಂಟಿ ಎಂದರೆ ಸಾದಾ ಗೇರ್‌ಬಾಕ್ಸಿಗೇ ಯಂತ್ರದ ಕೈ ಜೋಡಿಸಿದ್ದು. ರಿಪೇರಿ ಅಗ್ಗ, ಆದರೆ ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿ ನಿಲ್ಲಿಸುವ ಚಟ ಇದ್ದವರಿಗೆ ಕ್ಲಚ್ ಪ್ಲೇಟು ಬೇಗ ಹೋಗುತ್ತದೆ.

## ಹಂತ 2: ಕಂಪನಿ ಹೆಸರು ಬಿಡಿ, ಒಳಗೆ ಏನಿದೆ ನೋಡಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿ. ಕಂಪನಿಗಳನ್ನು ಹೋಲಿಸುವ ಪ್ರಶ್ನೆಗೆ ಉತ್ತರವೇ ಇಲ್ಲ. ಇಂಜಿನ್, ಗೇರ್‌ಬಾಕ್ಸ್, ತಯಾರಾದ ವರ್ಷ ಈ ಮೂರೂ ಕೂಡಿದ ಜೋಡಣೆಯನ್ನು ಮಾತ್ರ ಹೋಲಿಸಬಹುದು.

ಉದಾಹರಣೆಗೆ 2024ರ ಕ್ರೆಟಾ. ಸಾದಾ 1.5 ಪೆಟ್ರೋಲ್‌ಗೆ ಮ್ಯಾನ್ಯುಯಲ್ ಅಥವಾ ಸಿವಿಟಿ ಬಗೆಯದು, ಟರ್ಬೊ ಪೆಟ್ರೋಲ್‌ಗೆ ಡಿಸಿಟಿ, ಡೀಸೆಲ್‌ಗೆ ಮ್ಯಾನ್ಯುಯಲ್ ಅಥವಾ ಟಾರ್ಕ್ ಕನ್ವರ್ಟರ್. ಹೆಸರು ಒಂದೇ, ಕೆಡುವ ರೀತಿ ಬೇರೆ ಬೇರೆ. "ಕ್ರೆಟಾ ಚಲೋನಾ?" ಎಂದು ಕೇಳಿದರೆ ಹೇಳುವವನು ತನ್ನ ಗಾಡಿಯ ಕಥೆ ಹೇಳುತ್ತಾನೆ, ಅದು ನೀವು ಕೊಳ್ಳುವ ಗಾಡಿಯೇ ಅಲ್ಲದಿರಬಹುದು.

ಇನ್ನೊಂದು ಮಗ್ಗುಲು, ಹೆಸರು ಎರಡು, ಗಾಡಿ ಒಂದೇ. ಟೊಯೋಟಾ ಗ್ಲಾಂಜಾ ಒಳಗೆ ಮಾರುತಿ ಬಲೆನೊ, ಟೈಸರ್ ಒಳಗೆ ಫ್ರಾಂಕ್ಸ್, ರೂಮಿಯನ್ ಒಳಗೆ ಎರ್ಟಿಗಾ. ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಒಂದೇ ಅಡಿಪಾಯದವು, ಸ್ಲಾವಿಯಾ ಮತ್ತು ವರ್ಟಸ್ ಕೂಡ. ನಿಸ್ಸಾನ್ ಮ್ಯಾಗ್ನೈಟ್, ರೆನೊ ಕೈಗರ್ ಅಕ್ಕಪಕ್ಕದ ಮನೆಯವು. ಇಂಥ ಜೋಡಿ ಎದುರಿಗಿದ್ದರೆ ಗಾಡಿಗಳನ್ನು ಹೋಲಿಸುತ್ತ ಕೂರಬೇಡಿ. ವಾರಂಟಿ, ಸರ್ವೀಸ್ ಸೆಂಟರ್, ಬೆಲೆ ಇವಿಷ್ಟನ್ನೇ ಹೋಲಿಸಿ.

ವರ್ಷವೂ ಮುಖ್ಯ. ಬಿಎಸ್6 ನಿಯಮ ಬಂದದ್ದು 2020ರ ಏಪ್ರಿಲ್ 1ರಂದು, ಅದರ ಎರಡನೇ ಹಂತ 2023ರ ಏಪ್ರಿಲ್‌ನಲ್ಲಿ. ಕಾಕಾನ 2016ರ ಡೀಸೆಲ್ ಗಾಡಿ ಎರಡೂವರೆ ಲಕ್ಷ ಓಡಿದೆ ಎಂಬುದು ನಿಜವೇ ಇರಬಹುದು. ಅದೇ ಹೆಸರಿನ ಇವತ್ತಿನ ಗಾಡಿಯ ಹೊಗೆ ವ್ಯವಸ್ಥೆ ಪೂರ್ತಿ ಬೇರೆ. ಆ ಸಾಕ್ಷಿ ಇಲ್ಲಿ ನಡೆಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ: ಗಾಡಿಯ ಹೆಸರು, ಇಂಜಿನ್ ಲೀಟರ್, ಟರ್ಬೊ ಇದೆಯೋ ಇಲ್ಲವೋ, ಗೇರ್‌ಬಾಕ್ಸಿನ ಬಗೆ, ಈ ರೂಪದಲ್ಲಿ ಮಾರುಕಟ್ಟೆಗೆ ಬಂದ ವರ್ಷ. ಬಂದು ವರ್ಷವೂ ತುಂಬದ ಜೋಡಣೆಯ ಬಾಳಿಕೆ ಯಾರಿಗೂ ಗೊತ್ತಿರುವುದಿಲ್ಲ, ಕಂಪನಿಗೂ. ಅದರ ಬಾಳಿಕೆಯ ಪುಟ ಖಾಲಿ ಬಿಡಿ.

## ಹಂತ 3: ಡಿಕ್ಕಿ ಪರೀಕ್ಷೆಯ ಸ್ಟಾರ್ ಓದುವುದು

ಗಟ್ಟಿತನದ ಪುಟ ಇಲ್ಲಿಂದ ಶುರು. ನಮ್ಮ ದೇಶದ್ದೇ ಆದ ಡಿಕ್ಕಿ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಿಂದ. ಅದಕ್ಕೂ ಮುಂಚೆ 2014ರಿಂದ ನಮ್ಮ ಗಾಡಿಗಳನ್ನು ಬ್ರಿಟನ್ನಿನ ಸಂಸ್ಥೆಯಾದ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸುತ್ತಿತ್ತು. ಎರಡೂ ಕಡೆ ಗರಿಷ್ಠ 5 ಸ್ಟಾರ್. ಜನ ಸ್ಟಾರ್ ಎಣಿಸಿ ಸುಮ್ಮನಾಗುತ್ತಾರೆ. ಅದು ಸಾಲದು.

ಮೊದಲು ಪರೀಕ್ಷೆಯ ವರ್ಷ ನೋಡಿ. ಗ್ಲೋಬಲ್ ಎನ್‌ಕ್ಯಾಪ್ ತನ್ನ ನಿಯಮವನ್ನು 2022ರ ಜುಲೈನಲ್ಲಿ ಬಿಗಿ ಮಾಡಿತು. ಹಳೆಯ ನಿಯಮದಲ್ಲಿ ದೊಡ್ಡವರ ಸುರಕ್ಷತೆಗೆ 17 ಅಂಕ, ಹೊಸದರಲ್ಲಿ 34. ಭಾರತ್ ಎನ್‌ಕ್ಯಾಪ್‌ನಲ್ಲಿ 32. ಹದಿನೇಳಕ್ಕೆ ಸಿಕ್ಕ ಸ್ಟಾರನ್ನು ಮೂವತ್ತೆರಡಕ್ಕೆ ಸಿಕ್ಕ ಸ್ಟಾರಿನ ಪಕ್ಕ ಇಟ್ಟು ತೂಗಬೇಡಿ. ವರದಿಯಲ್ಲಿ ಒಟ್ಟು ಅಂಕ ಎಷ್ಟರಲ್ಲಿ ಎಂದು ನೋಡಿದರೆ ಯಾವ ನಿಯಮ ಎಂಬುದು ತಿಳಿಯುತ್ತದೆ.

ಆಮೇಲೆ ಅಂಕ. ಭಾರತ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ಬೇಕಾದರೆ ದೊಡ್ಡವರಿಗೆ ಕನಿಷ್ಠ 27, ಮಕ್ಕಳಿಗೆ 49ರಲ್ಲಿ ಕನಿಷ್ಠ 41 ಬರಬೇಕು. 27.5 ಬಂದ ಗಾಡಿಗೂ 31 ಬಂದ ಗಾಡಿಗೂ ಜಾಹೀರಾತಿನಲ್ಲಿ ಅವೇ ಐದು ಸ್ಟಾರ್. ಎದುರಿನ ಡಿಕ್ಕಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಪಕ್ಕದ ಡಿಕ್ಕಿ 50ರಲ್ಲಿ. ವರದಿಯಲ್ಲಿ ಗೊಂಬೆಯ ಎದೆ, ಮೊಣಕಾಲು, ಪಾದಗಳಿಗೆ ಬಣ್ಣ ಹಚ್ಚಿ ತೋರಿಸಿರುತ್ತಾರೆ. ಚಾಲಕನ ಎದೆಯ ಬಣ್ಣ ನೋಡದೆ ಪುಟ ತಿರುವಬೇಡಿ.

ಗ್ಲೋಬಲ್ ಎನ್‌ಕ್ಯಾಪ್ ವರದಿಯಲ್ಲಿ ಇನ್ನೊಂದು ಸಾಲಿದೆ, ಬಾಡಿ ಶೆಲ್ (ಗಾಡಿಯ ಉಕ್ಕಿನ ಚೌಕಟ್ಟು) ಸ್ಥಿರವೋ ಅಸ್ಥಿರವೋ ಎಂದು. ನನ್ನ ಲೆಕ್ಕದಲ್ಲಿ ಸ್ಟಾರಿಗಿಂತ ಈ ಸಾಲಿಗೇ ತೂಕ ಹೆಚ್ಚು. ಅಸ್ಥಿರ ಎಂದರೆ ಆ ವೇಗದಲ್ಲೇ ಬಾಡಿ ತನ್ನ ಮಿತಿ ಮುಟ್ಟಿತು, ಇನ್ನೂ ಜೋರಾದ ಪೆಟ್ಟು ತಾಳುವ ಭರವಸೆ ಇಲ್ಲ. ಏರ್‌ಬ್ಯಾಗ್ ಎಷ್ಟಿದ್ದರೂ ಆ ಕೊರತೆ ತುಂಬುವುದಿಲ್ಲ.

ಒಂದು ಕಂಪನಿಯ ಸ್ಟಾರನ್ನು ಅದರ ಎಲ್ಲ ಗಾಡಿಗಳಿಗೂ ಹಚ್ಚಬಾರದು ಎಂಬುದಕ್ಕೆ ಮಾರುತಿಯೇ ಸಾಕು. 2022ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಂದಿನ ಸ್ವಿಫ್ಟ್‌ಗೆ 1 ಸ್ಟಾರ್ ಕೊಟ್ಟಿತು, 2024ರ ನವೆಂಬರ್‌ನಲ್ಲಿ ಹೊಸ ಡಿಜೈರ್‌ಗೆ 5 ಕೊಟ್ಟಿತು. "ಮಾರುತಿ ಅಂದ್ರ ತಗಡು" ಎನ್ನುವವರೂ, ಟಾಟಾ ಗಾಡಿ ಎಂದರೆ ಕಣ್ಣು ಮುಚ್ಚಿ ತಗೊಳ್ಳಿ ಎನ್ನುವವರೂ ವರದಿ ತೆರೆದು ನೋಡಿರುವುದಿಲ್ಲ.

## ಹಂತ 4: ವಾಪಸ್ ಕರೆಸಿದ ಗಾಡಿಗಳ ಪಟ್ಟಿ

ಇದು ಅರ್ಧ ಗಂಟೆಯ ಕೆಲಸ. ದೋಷ ಕಂಡಾಗ ಕಂಪನಿಗಳು ಗಾಡಿಗಳನ್ನು ಕರೆಸಿ ಪುಕ್ಕಟೆ ಸರಿಮಾಡಿಕೊಡುತ್ತವೆ. ವಾಹನ ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣದಲ್ಲಿ ಇದರ ಪಟ್ಟಿ ಇದೆ, ಕಂಪನಿಗಳ ಜಾಲತಾಣದಲ್ಲಿ ಚಾಸಿಸ್ ನಂಬರ್ ಹಾಕಿಯೂ ನೋಡಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಂತೆ ಸರ್ಕಾರವೇ ಕರೆಸುವಂತೆ ಆದೇಶಿಸಬಹುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ.

ಕರೆಸಿದರೆಂದು ಆ ಗಾಡಿ ಕೆಟ್ಟದ್ದೆಂದು ಬರೆದುಕೊಳ್ಳಬೇಡಿ. ಮುಂದೆ ಬಂದು ಒಪ್ಪಿಕೊಂಡ ಕಂಪನಿಯೇ ಮೇಲು. ಒಂದೇ ಭಾಗಕ್ಕೆ ಎರಡು ಮೂರು ಸಲ ಕರೆಸಿದ್ದರೆ ಮಾತ್ರ ಕೆಂಪು ಗುರುತು ಹಾಕಿ.

## ಹಂತ 5: ಹೆಚ್ಚು ಓಡಿಸಿದವರನ್ನು ಹುಡುಕಿ

ಎಂಟು ಸಾವಿರ ಕಿಲೋಮೀಟರ್ ಓಡಿಸಿದ ಅಳಿಯನ ಅಭಿಪ್ರಾಯಕ್ಕೆ ಬೆಲೆ ಇಲ್ಲ. ಹೊಸ ಗಾಡಿ ಎಲ್ಲವೂ ಚಲೋನೇ ಇರುತ್ತವೆ. ನಿಮಗೆ ಬೇಕಾದದ್ದು ಎಂಬತ್ತು ಸಾವಿರ ದಾಟಿಸಿದವರು.

ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಮುಂದೆ, ವಿಮಾನ ನಿಲ್ದಾಣದ ಹೊರಗೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಹತ್ತಿರ ನಿಂತಿರುವ ಹಳದಿ ಬೋರ್ಡಿನ ಚಾಲಕರು ಒಳ್ಳೆಯ ಮೂಲ. ಚಹಾ ಹೊತ್ತಿನಲ್ಲಿ ಕೇಳಿದರೆ ಬಿಚ್ಚಿ ಹೇಳುತ್ತಾರೆ. ಒಂದು ಎಚ್ಚರ ಇರಲಿ, ಅವರ ಒಂದು ಲಕ್ಷ ಬಹುತೇಕ ಹೈವೇಯದು. ಊರೊಳಗಿನ ಐವತ್ತು ಸಾವಿರಕ್ಕೆ ಆಗುವ ಸವೆತ ಹೈವೇಯ ಲಕ್ಷಕ್ಕೂ ಆಗಿರುವುದಿಲ್ಲ, ಕ್ಲಚ್ ಮತ್ತು ಬ್ರೇಕಿನ ಮಟ್ಟಿಗಂತೂ. ಖಾಸಗಿ ಗಾಡಿಯವರಲ್ಲಿ ಗದಗ, ಹಾವೇರಿ, ರಾಣೆಬೆನ್ನೂರು ಸುತ್ತುವ ಮೆಡಿಕಲ್ ರೆಪ್‌ಗಳು, ಬೀಜ-ಗೊಬ್ಬರ ಕಂಪನಿಯವರು ಸಿಕ್ಕರೆ ಬಿಡಬೇಡಿ. ಅವರಿಗೆ ಊರು, ಹೈವೇ, ಹೊಲದ ದಾರಿ ಮೂರೂ ಗೊತ್ತು.

ಗಾಡಿ ಹೆಂಗೈತ್ರಿ ಎಂದು ಕೇಳಬೇಡಿ. ಕೊಂಡವರು ತಮ್ಮ ಆಯ್ಕೆಯನ್ನು ಬಿಟ್ಟುಕೊಡುವುದಿಲ್ಲ. ಹೀಗೆ ಕೇಳಿ:

- ದಾರಿಯಲ್ಲಿ ನಿಂತು ಟೋ ಮಾಡಿಸಿದ್ದುಂಟೆ? ಯಾವ ಭಾಗಕ್ಕೆ?
- ಕ್ಲಚ್ ಎಷ್ಟು ಕಿಲೋಮೀಟರಿಗೆ ಬದಲಾಯಿತು? ಬ್ಯಾಟರಿ?
- ಮುಂದಿನ ಶಾಕ್ ಅಬ್ಸಾರ್ಬರ್, ಲಿಂಕ್ ರಾಡ್, ಬುಷ್ ಯಾವಾಗ ಹಾಕಿಸಿದಿರಿ?
- ಸರ್ವೀಸಿನ ಹೊರತಾಗಿ ಎಷ್ಟು ಸಲ ಶೆಡ್ಡಿಗೆ ಹೋಗಿದೆ?
- ಕೊನೆಯ ಎರಡು ಬಿಲ್ಲು ತೋರಿಸ್ತೀರಾ?

ಕೊನೆಯ ಪ್ರಶ್ನೆಗೆ ಹೂಂ ಅಂದವರ ಮಾತನ್ನೇ ಹೆಚ್ಚು ನಂಬಿ.

ಉತ್ತರಗಳನ್ನು ಮೂರು ಗುಂಪು ಮಾಡಿ. ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿದ ದೋಷ, ನಿಲ್ಲಿಸದೆ ಜೇಬು ಖಾಲಿ ಮಾಡಿದ ದೋಷ, ಬರೀ ಕಿರಿಕಿರಿ. ಟಚ್ ಸ್ಕ್ರೀನ್ ಹ್ಯಾಂಗ್ ಆಗುವುದು ಮೂರನೆಯದು. ಅರಬೈಲು ಘಾಟಿನಲ್ಲಿ ಗೇರ್‌ಬಾಕ್ಸ್ ಬಿಸಿಯೇರಿ ಗಾಡಿ ನಿಂತದ್ದು ಮೊದಲನೆಯದು. ಹತ್ತು ಕಿರಿಕಿರಿ ಕೂಡಿದರೂ ಒಂದು ನಿಲುಗಡೆಗೆ ಸಮವಲ್ಲ. ಜನ ಮಾತಾಡುವುದು ಮಾತ್ರ ಟಚ್ ಸ್ಕ್ರೀನಿನ ಬಗ್ಗೆಯೇ.

## ಹಂತ 6: ಹೊರಗಿನ ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನ

ಈ ಇಡೀ ಕೆಲಸದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ಎಲ್ಲ ಕಂಪನಿಗಳ ಗಾಡಿಯನ್ನೂ ಬಿಚ್ಚುವ, ಯಾವ ಕಂಪನಿಗೂ ಸೇರದ ಗ್ಯಾರೇಜು ಬೇಕು. ವಾರಂಟಿ ಮುಗಿದ ಮೇಲೆ ಬಾಳಿಕೆಯ ಬಣ್ಣ ಬಯಲಾಗುವುದು ಅಲ್ಲೇ.

ಯಾವ ಗಾಡಿ ಚಲೋ ಎಂದು ಕೇಳಿದರೆ ಮಿಸ್ತ್ರಿ ತನಗೆ ರಿಪೇರಿ ಸುಲಭವಾದ ಗಾಡಿಯ ಹೆಸರು ಹೇಳುತ್ತಾನೆ. ಅದು ಅವನ ತಪ್ಪಲ್ಲ. ಪ್ರಶ್ನೆಯನ್ನು ತಿರುಗಿಸಿ:

"ಕಾಕಾರ, ಈ ಇಂಜಿನ್ನಿನ ಗಾಡಿ ನಿಮ್ಮ ಹತ್ರ ಯಾವ ಕೆಲಸಕ್ಕ ಜಾಸ್ತಿ ಬರ್ತಾವ್ರಿ?"

"ಇಂಜಿನ್ ಕೈ ಹಚ್ಚೂದ ಬ್ಯಾಡ್ರಿ, ಹಂಗ ಐತಿ. ಆದ್ರ ಮುಂದಿನ ಲೋವರ್ ಆರ್ಮ್ ಬುಷ್ ನಲವತ್ತು ಸಾವಿರಕ್ಕ ಹರೀತಾವ ನೋಡ್ರಿ. ಕಂಪನ್ಯಾಗ ಬುಷ್ ಬ್ಯಾರೆ ಸಿಗಂಗಿಲ್ಲ, ಪೂರಾ ಆರ್ಮ್ ಹಾಕ್ತಾರ."

ಇಂಥ ಎರಡು ಸಾಲು ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ. ಕೊನೆಯ ಮಾತನ್ನು ಗಮನಿಸಿ: ನೂರಾರು ರೂಪಾಯಿಯ ರಬ್ಬರ್ ಬುಷ್ಷಿಗಾಗಿ ಚಕ್ರವನ್ನು ಬಾಡಿಗೆ ಹಿಡಿದಿಡುವ ಸಾವಿರಾರು ರೂಪಾಯಿಯ ಆರ್ಮ್ ಬದಲಿಸಬೇಕಾದರೆ ಖರ್ಚಿನ ಲೆಕ್ಕವೇ ಬೇರೆ.

ಒಂದು ಎಚ್ಚರ. ಊರಲ್ಲಿ ಹೆಚ್ಚು ಮಾರಾಟವಾದ ಗಾಡಿ ಗ್ಯಾರೇಜಿನಲ್ಲೂ ಹೆಚ್ಚು ನಿಂತಿರುತ್ತದೆ. ಆರು ಸ್ವಿಫ್ಟ್ ನಿಂತಿವೆ, ಒಂದೇ ಟೈಗುನ್ ಇದೆ ಎಂದರೆ ಸ್ವಿಫ್ಟ್ ಕೆಟ್ಟದ್ದು ಎಂದಲ್ಲ. ಎಷ್ಟು ಗಾಡಿ ಬಂದಿವೆ ಎಂಬುದನ್ನು ಬಿಟ್ಟು, ಎಷ್ಟು ಕಿಲೋಮೀಟರಿಗೆ ಯಾವ ಕೆಲಸಕ್ಕೆ ಬಂದಿವೆ ಎಂಬುದನ್ನೇ ಬರೆದುಕೊಳ್ಳಿ.

ಲಿಫ್ಟ್ ಮೇಲೆ ಏರಿಸಿದ ಹಳೆಯ ಗಾಡಿ ಕಂಡರೆ ಅನುಮತಿ ಕೇಳಿ ಅಡಿಗೆ ಹೋಗಿ ಬ್ಯಾಟರಿ ಹಿಡಿಯಿರಿ. ನವಲಗುಂದ, ನರಗುಂದ, ಅಣ್ಣಿಗೇರಿ ಕಡೆಯ ಗಾಡಿಯಾದರೆ ಹಿಂದಿನ ಚಕ್ರದ ಮೇಲಿನ ಸಂದಿಯಲ್ಲಿ ಎರೆಮಣ್ಣು ಒಣಗಿ ಗಟ್ಟಿಯಾಗಿ ಕೂತಿರುತ್ತದೆ. ಮಳೆಗಾಲವಿಡೀ ಅದು ನೀರು ಹಿಡಿದಿಡುತ್ತದೆ. ಸಂದಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದ ಗಾಡಿಯಲ್ಲಿ ಮಣ್ಣು ಹೊದಿಕೆಗೆ ಹತ್ತಿರುತ್ತದೆ, ತಗಡು ಬಚಾವು. ಹೊದಿಕೆ ಇಲ್ಲದೆ ಬರೀ ಬಣ್ಣ ಬಳಿದದ್ದರಲ್ಲಿ ಮಣ್ಣು ಕೆರೆದರೆ ಕೆಳಗೆ ಕಂದು ಪುಡಿ ಉದುರುತ್ತದೆ. ಕೆಎ-30 ನೋಂದಣಿಯ ಕಾರವಾರ-ಅಂಕೋಲಾ ಕಡೆಯ ಗಾಡಿ ಸಿಕ್ಕರೆ ಇನ್ನೂ ಒಳ್ಳೆಯದು. ಕಡಲ ಗಾಳಿಯಲ್ಲಿ ಐದು ವರ್ಷ ನಿಂತ ಬಾಡಿಯ ಬೆಸುಗೆ ಅಂಚು ತುಕ್ಕಿಲ್ಲದೆ ಇದ್ದರೆ ಆ ಮಾದರಿಯ ಬಣ್ಣದ ಕೆಲಸ ನಂಬಬಹುದು.

ಇಂಜಿನ್ ಅಡಿಯ ಹೊದಿಕೆಯನ್ನೂ ನೋಡಿ. ಹಳ್ಳಿಯಲ್ಲಿ ಕಾಳಿನ ಚೀಲದ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿ ವೈರು ಕಡಿಯುವ ಕಾಟ ದೊಡ್ಡದು, ಸಾಮಾನ್ಯವಾಗಿ ವಾರಂಟಿಗೆ ಅದು ಬರುವುದಿಲ್ಲ. ಅಡಿ ಪೂರ್ತಿ ತೆರೆದಿರುವ ಗಾಡಿಗೆ ಇಲಿ ನುಗ್ಗುವುದು ಸಲೀಸು.

ಹೊರಡುವ ಮುಂಚೆ ಬಿಡಿಭಾಗದ ಅಂಗಡಿಗೆ ಹೋಗಿ ಮೂರೂ ಗಾಡಿಗಳ ಈ ಭಾಗಗಳ ಅಸಲಿ ಬೆಲೆ ಕೇಳಿ: ಮುಂದಿನ ಹೆಡ್‌ಲೈಟ್, ಬಂಪರ್, ಪಕ್ಕದ ಕನ್ನಡಿ, ಕ್ಲಚ್ ಸೆಟ್, ಮುಂದಿನ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ವೀಲ್ ಬೇರಿಂಗ್, ಎಸಿ ಕಂಪ್ರೆಸರ್. ಬೆಲೆಯ ಜೊತೆಗೆ "ಎಷ್ಟು ದಿನಕ್ಕ ಬರ್ತದ್ರಿ?" ಎಂದೂ ಕೇಳಿ. ಪುಣೆಯಿಂದಲೋ ಬೆಂಗಳೂರಿನಿಂದಲೋ ತರಿಸಬೇಕು ಎಂಬ ಉತ್ತರ ಮೂರು ಭಾಗಗಳಿಗೆ ಬಂದರೆ ಆ ಗಾಡಿಗೆ ಒಂದು ಗೆರೆ ಕೆಳಗೆ.

## ಹಂತ 7: ಮೊದಲು ಸರ್ವೀಸ್ ಸೆಂಟರ್, ಆಮೇಲೆ ಶೋರೂಮು

ಶನಿವಾರ ಬೆಳಿಗ್ಗೆ ಸರ್ವೀಸ್ ಸೆಂಟರಿನ ಬಾಗಿಲ ಹತ್ತಿರ ಒಂದು ತಾಸು ನಿಲ್ಲಿ. ಸರ್ವೀಸಿಗೆ ಬಂದವರು ಸುಮ್ಮನೆ ಚಾವಿ ಕೊಟ್ಟು ಹೋಗುತ್ತಾರೆ. ಅದೇ ದೋಷಕ್ಕೆ ಎರಡನೇ ಮೂರನೇ ಸಲ ಬಂದವರು ಕೌಂಟರಿನಲ್ಲಿ ದನಿ ಏರಿಸುತ್ತಾರೆ. ಅವರ ಗಾಡಿ ಯಾವುದು, ಕೆಲಸ ಏನು ಕೇಳಿ.

ಒಳಗೆ ಹೋಗಿ ಅರವತ್ತು ಸಾವಿರ ಕಿಲೋಮೀಟರ್ ಸರ್ವೀಸಿನ ಅಂದಾಜು ಬಿಲ್ಲು ಕೇಳಿ ಪಡೆಯಿರಿ. ಓನರ್ಸ್ ಮ್ಯಾನ್ಯುಯಲ್‌ನ ಸರ್ವೀಸ್ ಪಟ್ಟಿಯ ಜೊತೆ ಅದನ್ನು ತಾಳೆ ನೋಡಿ. ಇಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ಕೋಟಿಂಗ್ ಎಂದು ಮ್ಯಾನ್ಯುಯಲ್‌ನಲ್ಲಿ ಇಲ್ಲದ ಸಾಲುಗಳನ್ನು ಹೊಡೆದುಹಾಕಿ ಉಳಿದದ್ದನ್ನು ಮಾತ್ರ ಹೋಲಿಸಿ. ಗದಗ, ಹಾವೇರಿಯವರು ಇನ್ನೊಂದು ಮಾತು ಖಚಿತ ಮಾಡಿಕೊಳ್ಳಿ: ನಿಮ್ಮೂರಿನಲ್ಲಿರುವುದು ಪೂರ್ತಿ ವರ್ಕ್‌ಶಾಪೋ, ಬರೀ ಆಯಿಲ್ ಬದಲಿಸುವ ಶಾಖೆಯೋ? ಗೇರ್‌ಬಾಕ್ಸ್ ಕೆಲಸಕ್ಕೆ, ಡೆಂಟಿಂಗ್-ಪೇಂಟಿಂಗ್‌ಗೆ ಹುಬ್ಬಳ್ಳಿಗೆ ಕಳಿಸುವುದಾದರೆ ಟೋ ಖರ್ಚು ಯಾರದು?

ಈಗ ಶೋರೂಮು. ಇಲ್ಲಿ ಮೊದಲು ಮರೆಯಬೇಕಾದದ್ದು ಬಾಗಿಲಿನ ಸದ್ದು. ಧಪ್ಪೆನ್ನುವುದು ರಬ್ಬರ್ ಬೀಡಿಂಗ್, ಒಳಗೆ ಅಂಟಿಸಿದ ಹಾಳೆ, ಲಾಕು ಸೇರಿ ಹೊರಡಿಸುವ ಸದ್ದು. ತಗಡು ಬೆರಳಲ್ಲಿ ಒತ್ತಿ ನೋಡುವುದೂ ಅಷ್ಟೇ ದಂಡ. ಹೊರಗಿನ ತಗಡು ಎಲ್ಲ ಕಂಪನಿಗಳದ್ದೂ ಒಂದು ಮಿಲಿಮೀಟರಿಗಿಂತ ತೆಳುವು. ಡಿಕ್ಕಿಯಲ್ಲಿ ಕಾಪಾಡುವುದು ಕಣ್ಣಿಗೆ ಕಾಣದ ಒಳಗಿನ ಕಂಬಗಳು, ತೊಲೆಗಳು. ಕಟ್ಟಡದ ಬಲ ಗಿಲಾಯಿಯಲ್ಲಿ ಇಲ್ಲ, ಪಿಲ್ಲರಿನಲ್ಲಿದೆ ಎನ್ನುವ ಹಾಗೆ. ಅವುಗಳ ಪರೀಕ್ಷೆ ಮೂರನೇ ಹಂತದಲ್ಲೇ ಮುಗಿದಿದೆ.

ಶೋರೂಮಿನಲ್ಲಿ ತಿಳಿಯುವುದು ಜೋಡಣೆಯ ಅಚ್ಚುಕಟ್ಟು. ಬಾನೆಟ್ಟು ಮತ್ತು ಮಡ್‌ಗಾರ್ಡಿನ ನಡುವಿನ ಸಂದಿಗೆ ಐದು ರೂಪಾಯಿ ನಾಣ್ಯ ಹಿಡಿದು ಎಡ ಬಲ ಎರಡೂ ಕಡೆ ನೋಡಿ. ಸಂದಿ ದೊಡ್ಡದಿದ್ದರೆ ಚಿಂತೆಯಿಲ್ಲ, ಎರಡು ಕಡೆ ಒಂದೇ ಆಗಿರಬೇಕು. ಹಿಂದೆ ಸಾಮಾನಿಡುವ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆಸಿ ಕೆಳಗಿನ ಬೆಸುಗೆಯ ಅಂಚು ನೋಡಿ. ಸೀಲೆಂಟ್ ಒಂದೇ ದಪ್ಪದಲ್ಲಿ, ಎಲ್ಲೂ ತುಂಡಾಗದೆ ಹರಿದಿರಬೇಕು. ತುಂಡಾದಲ್ಲಿ ಮುಂದೆ ನೀರು ಜಿನುಗುತ್ತದೆ. ಪತ್ರಿಕೆ ಹಾಸಿ ಮಂಡಿಯೂರಿ ಡ್ರೈವರ್ ಸೀಟಿನ ಅಡಿ ಬ್ಯಾಟರಿ ಬಿಡಿ, ವೈರುಗಳು ಕ್ಲಿಪ್ಪಿನಲ್ಲಿ ಕೂತಿರಬೇಕು, ಜೋತಾಡುತ್ತಿದ್ದರೆ ಗುರುತು ಹಾಕಿಕೊಳ್ಳಿ. ಬಾನೆಟ್ ಒಳಗಡೆ ಬಣ್ಣ ಮಂಕಾಗಿರುವುದನ್ನು ಕಂಡು ಗಾಬರಿ ಬೇಡ. ಖರ್ಚು ಉಳಿಸಲು ಅಲ್ಲಿ ತೆಳು ಬಣ್ಣ ಬಳಿಯುವ ಕಂಪನಿಗಳಿವೆ, ಅಷ್ಟಕ್ಕೇ ತುಕ್ಕು ಬರುವುದಿಲ್ಲ.

## ಹಂತ 8: ಟೆಸ್ಟ್ ಡ್ರೈವ್

ಹೊಸ ಗಾಡಿ ಕೊಟ್ಟರೆ ಬೇಡ ಎನ್ನಿ. ಶೋರೂಮಿನ ಅತ್ಯಂತ ಹಳೆಯ ಡೆಮೊ ಗಾಡಿ ಕೇಳಿ. ಹದಿನೈದು ಇಪ್ಪತ್ತು ಸಾವಿರ ಕಿಲೋಮೀಟರ್ ಕಂಡಕಂಡವರ ಕೈಯಲ್ಲಿ ನಲುಗಿದ ಆ ಗಾಡಿ ಸುಳ್ಳು ಹೇಳುವುದಿಲ್ಲ. ಸೇಲ್ಸ್‌ನವರು ಹಾಡು ಹಚ್ಚುತ್ತಾರೆ, ಮೊದಲು ಅದನ್ನು ಬಂದ್ ಮಾಡಿಸಿ.

ದಾರಿ ನೀವೇ ಆರಿಸಿ. ಒಳ ಬಡಾವಣೆಯ ಅಗೆದುಬಿಟ್ಟ ರಸ್ತೆ ಒಂದು (ಹುಬ್ಬಳ್ಳಿಯಲ್ಲಿ ಇದಕ್ಕೆ ಕೊರತೆಯಿಲ್ಲ), ನಿಂತು ಹೋಗುವ ಟ್ರಾಫಿಕ್ಕು ಸ್ವಲ್ಪ, ಆಮೇಲೆ ಉಣಕಲ್, ನವನಗರ ದಾಟಿ ಧಾರವಾಡದ ಕಡೆ. ಎಸಿ ಹಾಕಿ, ನಾಲ್ಕು ಜನ ಕೂತು ಏರು ಹತ್ತಿಸಿ. ರೋಡ್ ಹಂಪನ್ನು ಒಂದು ಸಲ ನೇರ, ಇನ್ನೊಂದು ಸಲ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ಮೆಲ್ಲಗೆ ದಾಟಿ. ಓರೆಯಾಗಿ ದಾಟುವಾಗ ಬಾಡಿ ತಿರುಚಿಕೊಳ್ಳುತ್ತದೆ. ಬಾಗಿಲ ಚೌಕಟ್ಟು, ಸನ್‌ರೂಫಿನ ಅಂಚು ಕಿರ್ರೆಂದರೆ ಹಿಂದೆ ಕೂತವರು ಬರೆದುಕೊಳ್ಳಲಿ. ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿರಬಹುದು, ಡೆಮೊ ಗಾಡಿಯಲ್ಲಿ ಅದೂ ಒಂದು ಸುಳಿವು. ಮೂರೂ ಗಾಡಿಗಳನ್ನು ಅದೇ ದಾರಿಯಲ್ಲಿ, ಸಾಧ್ಯವಾದರೆ ಒಂದೇ ದಿನ ಓಡಿಸಿ. ವಾರ ಬಿಟ್ಟು ಓಡಿಸಿದರೆ ಮೊದಲನೆಯದು ಮರೆತಿರುತ್ತದೆ.

## ಹಂತ 9: ವಾರಂಟಿ ಓದಿ, ತೀರ್ಮಾನಿಸಿ

ವಾರಂಟಿಯ ಅವಧಿಯಷ್ಟೇ ನೋಡಬೇಡಿ. 2024ರ ಜುಲೈನಲ್ಲಿ ಮಾರುತಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40 ಸಾವಿರದಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿಗೆ ಏರಿಸಿದ ಮೇಲೆ ಕಂಪನಿಗಳ ನಡುವೆ ಈ ಅಂತರ ಕಡಿಮೆಯಾಗಿದೆ. ಈಗ ನೋಡಬೇಕಾದದ್ದು ಏನು ಸೇರಿಲ್ಲ ಎಂಬುದು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಯಾರೂ ಕೊಡುವುದಿಲ್ಲ. ಬುಷ್, ಶಾಕ್ ಅಬ್ಸಾರ್ಬರ್, ಟಚ್ ಸ್ಕ್ರೀನು ಒಬ್ಬೊಬ್ಬರದು ಒಂದೊಂದು ರೀತಿ. ಹೆಚ್ಚುವರಿ ವಾರಂಟಿಯ ಐದನೇ ವರ್ಷದ ದರವನ್ನೂ ಕೇಳಿ. ಒಂದೇ ಬೆಲೆಯ ಎರಡು ಗಾಡಿಗಳಲ್ಲಿ ಒಂದರ ದರ ಎರಡು ಪಟ್ಟು ಇದ್ದರೆ ಕಾರಣ ವಿಚಾರಿಸಿ.

ಮರುಮಾರಾಟದ ಬೆಲೆಯನ್ನು ಬಾಳಿಕೆಯ ಪುಟಕ್ಕೆ ಸೇರಿಸಬೇಡಿ. ಅದು ಊರಿನ ಬೇಡಿಕೆಯ ಮಾತು.

ಈಗ ಎರಡೂ ಪುಟ ಪಕ್ಕ ಪಕ್ಕ ಇಡಿ. ಬಾಡಿ ಅಸ್ಥಿರ ಎಂದಿರುವ ಗಾಡಿಯನ್ನು ಮೊದಲು ತೆಗೆದುಹಾಕಿ. ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಇಳಿಯುವ ಮನೆಯವರಿಗೆ ಇದರಲ್ಲಿ ರಾಜಿ ಬೇಡ ಎಂಬುದು ನನ್ನ ಮಾತು. ಉಳಿದವುಗಳಲ್ಲಿ ದಾರಿಯಲ್ಲಿ ನಿಲ್ಲಿಸಿದ ದೋಷ ಕಡಿಮೆ ಇರುವುದನ್ನು ಹಿಡಿಯಿರಿ. ಆಗಲೂ ಎರಡು ಸಮ ನಿಂತರೆ ಸರ್ವೀಸ್ ಸೆಂಟರ್ ಹತ್ತಿರ ಇರುವುದು ಗೆಲ್ಲುತ್ತದೆ.

## ಹಂತ 10: ನಿಮಗೆ ಬಂದ ಗಾಡಿಯನ್ನೇ ಪರೀಕ್ಷಿಸಿ

ಮಾದರಿ ಚಲೋ ಇದ್ದರೂ ನಿಮ್ಮ ಪಾಲಿಗೆ ಬಂದ ಗಾಡಿ ಯಾರ್ಡಿನಲ್ಲಿ ಆರು ತಿಂಗಳು ಬಿಸಿಲುಂಡದ್ದಿರಬಹುದು. ದೀಪಾವಳಿ ಪಾಡ್ಯದ ದಿನ ಹೂವಿನ ಹಾರ, ತೆಂಗಿನಕಾಯಿ, ಫೋಟೊ ಎಲ್ಲದರ ನಡುವೆ ಇದನ್ನು ನೋಡಲಾಗುವುದಿಲ್ಲ. ನೋಂದಣಿಗೆ ಮುಂಚೆ, ಹಗಲು ಬೆಳಕಿನಲ್ಲಿ, ಯಾರ್ಡಿಗೇ ಹೋಗಿ. ಕೆಎ-25 ಆಗಲಿ ಕೆಎ-63 ಆಗಲಿ, ನಂಬರ್ ಬಿದ್ದ ಮೇಲೆ ಗಾಡಿ ಬದಲಿಸಿಕೊಡಿ ಎಂದರೆ ಯಾರೂ ಕೇಳುವುದಿಲ್ಲ.

ಮಾರಾಟ ಪ್ರಮಾಣ ಪತ್ರವಾದ ಫಾರ್ಮ್ 21ರಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ, ಅದರ ಕರಡು ಮೊದಲೇ ಕೇಳಿ. ಟೈರಿನ ಪಕ್ಕದ ನಾಲ್ಕಂಕಿ ನೋಡಿ: 3224 ಎಂದರೆ 2024ರ 32ನೇ ವಾರ. ಐದೂ ಟೈರು ಹತ್ತಿರ ಹತ್ತಿರದ ವಾರದವಾಗಿರಬೇಕು, ಒಂದು ಮಾತ್ರ ತೀರ ಬೇರೆಯಿದ್ದರೆ ಯಾಕೆಂದು ಕೇಳಿ. ಬಾಗಿಲ ಕೀಲಿನ ಬೋಲ್ಟುಗಳ ಬಣ್ಣ ಎದ್ದಿದ್ದರೆ ಬಾಗಿಲು ಒಮ್ಮೆ ಬಿಚ್ಚಿ ಹಾಕಿದ್ದಾರೆ ಎಂದರ್ಥ. ನಾಣ್ಯದ ಪರೀಕ್ಷೆ, ಹಿಂದಿನ ಡಿಕ್ಕಿಯ ಸೀಲೆಂಟು, ಸೀಟಿನ ಅಡಿಯ ವೈರು ಇಲ್ಲೂ ಮಾಡಿ. ಚಾಸಿಸ್ ನಂಬರಿನ ಹದಿನೇಳು ಅಕ್ಷರಗಳನ್ನು ಬಿಲ್ಲಿನ ಜೊತೆ ಒಂದೊಂದಾಗಿ ತಾಳೆ ನೋಡಿ ಫೋಟೊ ತೆಗೆದುಕೊಳ್ಳಿ.

ಏನಾದರೂ ಒಪ್ಪಿಗೆಯಾಗದಿದ್ದರೆ ಬೇರೆ ಚಾಸಿಸ್ ನಂಬರಿನ ಗಾಡಿ ಬೇಕೆಂದು ಅಲ್ಲೇ ಬರೆದು ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. "ಆಮ್ಯಾಲೆ ಮಾಡ್ಕೊಡ್ತೀವ್ರಿ ಸರ್" ಎಂದರೆ ಉಳಿದ ಹಣದ ಚೆಕ್ಕನ್ನೂ ಆಮೇಲೆಯೇ ಕೊಡಿ.